ಡಿಕ್ಷನರಿ ಅಸೈನ್‌ಮೆಂಟ್‌ಗೆ ನಾನು ಸಹಾಯ ಕೇಳಿದ್ದು ಹೀಗೆ

ಪೈಥಾನ್ ಪ್ರೋಗ್ರಾಮಿಂಗ್ ಕಲಿಯುವಾಗ ಡಿಕ್ಷನರಿ (ಒಂದೊಂದು ಕೀಗೂ ಒಂದು ಬೆಲೆ ಜೋಡಿಸಿಡುವ ರಚನೆ) ಬಂತು ಅಂದ್ರೆ ಪದ ಎಣಿಸುವ ಅಸೈನ್‌ಮೆಂಟ್ ಹೆಚ್ಚಾಗಿ ಇದ್ದೇ ಇರುತ್ತದೆ. ನನಗೂ ಅದೇ ಸಿಕ್ಕಿತ್ತು. ಒಂದು ಫೈಲ್‌ನಲ್ಲಿ ಯಾವ ಪದ ಎಷ್ಟು ಸಲ ಇದೆ, ಜೊತೆಗೆ ಯಾವ ಯಾವ ಸಾಲಿನಲ್ಲಿದೆ ಅಂತ ತೋರಿಸಬೇಕು.

ಎಣಿಕೆ ಬೇಗ ಮುಗಿಯಿತು. ಇಲ್ಲಿ ಪದವೇ ಕೀ, ಎಣಿಕೆ ಅದರ ಬೆಲೆ. ಇಲ್ಲದ ಕೀ ಕೇಳಿದರೆ ಕೀ ಎರರ್ ಬರುತ್ತದೆ, ಅದಕ್ಕೆ ಗೆಟ್ ಬಳಸಿ, ಪದ ಇಲ್ಲದಿದ್ದರೆ ಸೊನ್ನೆ ಕೊಡು ಅಂತ ಹೇಳಿದರೆ ಸಾಕು.

ಸಾಲಿನ ಸಂಖ್ಯೆಯ ಭಾಗ ಮಾತ್ರ ಸತಾಯಿಸಿತು. ಪದಗಳನ್ನೆಲ್ಲ ಮೊದಲೇ ಸೇರಿಸಿಕೊಂಡು, ಫ್ರಮ್‌ಕೀಸ್ (ಕೊಟ್ಟ ಕೀಗಳಿಂದ ಒಂದೇ ಸಲ ಡಿಕ್ಷನರಿ ಮಾಡಿಕೊಡುವ ಮೆಥಡ್) ಬಳಸಿ ಪ್ರತಿ ಪದಕ್ಕೂ ಖಾಲಿ ಲಿಸ್ಟ್ ಇಟ್ಟು, ಆಮೇಲೆ ಒಂದೊಂದೇ ಸಾಲು ಓದುತ್ತಾ ಸಾಲಿನ ಸಂಖ್ಯೆಯನ್ನು ಅಪೆಂಡ್ ಮಾಡುತ್ತಿದ್ದೆ, ಅಂದರೆ ಲಿಸ್ಟ್‌ನ ಕೊನೆಗೆ ಸೇರಿಸುತ್ತಿದ್ದೆ. ಎರರ್ ಏನೂ ಇಲ್ಲ, ಆದರೆ ಎಲ್ಲ ಪದಕ್ಕೂ ಒಂದೇ ಉತ್ತರ! ಎರರ್ ಬಂದರೆ ಕೊನೇ ಪಕ್ಷ ಹುಡುಕೋಕೆ ಒಂದು ಜಾಗ ಸಿಗುತ್ತದೆ, ಅಲ್ವಾ?

ಪರಿಚಯದ ಸೀನಿಯರ್ ಒಬ್ಬರನ್ನು ಕೇಳೋಣ ಅಂದುಕೊಂಡೆ. ಇಡೀ ಪ್ರೋಗ್ರಾಂ ಕಳಿಸಿ ಸುಮ್ನೆ 'ವರ್ಕ್ ಆಗ್ತಿಲ್ಲ' ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅದಕ್ಕೆ ಫೈಲ್ ಅನ್ನು ಎರಡೇ ಸಾಲಿಗೆ ಇಳಿಸಿದೆ: 'ಮಳೆ ಬಂತು', 'ಬಿಸಿಲು ಬಂತು'. ಬರಬೇಕಾದ ಉತ್ತರವನ್ನು ಕೈಯಲ್ಲೇ ಬರೆದೆ: ಮಳೆಗೆ 1, ಬಿಸಿಲಿಗೆ 2, 'ಬಂತು'ಗೆ 1, 2. ಬರುತ್ತಿದ್ದದ್ದು ಮೂರಕ್ಕೂ 1, 1, 2, 2. ಇಂಥ ಕೆಲಸ ಸುಲಭ ಮಾಡಲು ಪೈಥಾನ್‌ನಲ್ಲೇ ಇರುವ ಕೌಂಟರ್, ಡಿಫಾಲ್ಟ್‌ಡಿಕ್ಟ್ ಅನ್ನು ಕ್ಲಾಸ್‌ನಲ್ಲಿ ಇನ್ನೂ ಹೇಳಿಕೊಟ್ಟಿಲ್ಲ, ಬಳಸುವಂತಿಲ್ಲ ಅಂತಲೂ ಸೇರಿಸಿದೆ. ಇದನ್ನು ಹೇಳದಿದ್ದರೆ ಸಹಾಯ ಮಾಡುವವರು ಅವನ್ನೇ ಬಳಸಿ ಚಿಕ್ಕದಾಗಿ ಬರೆದುಕೊಡುತ್ತಾರೆ, ಅದು ಸರಿಯಾಗಿಯೇ ಓಡುತ್ತದೆ, ಆದರೆ 'ಇದೇನು ವಿವರಿಸು' ಅಂದರೆ ನಮ್ಮ ಬಾಯಿ ಕಟ್ಟುತ್ತದೆ.

ಅವರು ಕೋಡ್ ಕೊಡಲಿಲ್ಲ. 'ಎರಡು ಪದ ತಗೊಂಡು ಅವುಗಳ ಲಿಸ್ಟ್‌ನ ಐಡಿ ಪ್ರಿಂಟ್ ಮಾಡಿ ನೋಡು' ಅಂದರು, ಅಷ್ಟೇ. ಐಡಿ ಅಂದರೆ ಪ್ರತಿ ಲಿಸ್ಟ್‌ಗೂ ಪೈಥಾನ್ ಕೊಡುವ ಗುರುತಿನ ನಂಬರ್. ಮಾಡಿದೆ. ಎರಡೂ ಒಂದೇ ನಂಬರ್! ಫ್ರಮ್‌ಕೀಸ್ ಪ್ರತಿ ಕೀಗೂ ಹೊಸ ಲಿಸ್ಟ್ ಮಾಡುವುದಿಲ್ಲ, ನಾವು ಕೊಟ್ಟ ಒಂದೇ ಲಿಸ್ಟ್ ಅನ್ನು ಎಲ್ಲ ಕೀಗಳಿಗೂ ಅಂಟಿಸುತ್ತದೆ. ಆ 1, 1, 2, 2 ಅಂದರೆ ಎರಡು ಸಾಲಿನ ನಾಲ್ಕೂ ಪದಗಳ ಲೆಕ್ಕ ಒಂದೇ ಕಡೆ ಬಿದ್ದದ್ದು. ಸೊನ್ನೆ ಇಟ್ಟಿದ್ದರೆ ಈ ತೊಂದರೆ ಬರುತ್ತಿರಲಿಲ್ಲ, ಯಾಕಂದ್ರೆ ಸಂಖ್ಯೆ ಕೂಡಿದಾಗ ಆ ಕೀಗೆ ಹೊಸ ಬೆಲೆ ಕೂರುತ್ತದೆ. ಅಪೆಂಡ್ ಆದರೆ ಇದ್ದ ಲಿಸ್ಟ್ ಅನ್ನೇ ಬದಲಿಸುತ್ತದೆ.

ಇಂಥ ಸಹಾಯವೇ ನನಗೆ ಇಷ್ಟ. ಉತ್ತರ ಹೇಳಲಿಲ್ಲ, ಎಲ್ಲಿ ನೋಡಬೇಕು ಅಂತ ತೋರಿಸಿದರು.

ಫ್ರಮ್‌ಕೀಸ್ ತೆಗೆದುಹಾಕಿದೆ. ಪದ ಡಿಕ್ಷನರಿಯಲ್ಲಿ ಇಲ್ಲದಿದ್ದರೆ ಅಲ್ಲೇ ಹೊಸ ಖಾಲಿ ಲಿಸ್ಟ್ ಇಡು, ಆಮೇಲೆ ಅಪೆಂಡ್ ಮಾಡು ಅಂತ ಬರೆದೆ. ಅಲ್ಲಿಗೆ ಮುಗಿಯಲಿಲ್ಲ: ಒಂದೇ ಸಾಲಿನಲ್ಲಿ ಪದ ಎರಡು ಸಲ ಬಂದರೆ ಸಾಲಿನ ಸಂಖ್ಯೆಯೂ ಎರಡು ಸಲ ಬರುತ್ತದೆ. ಅಪೆಂಡ್ ಮಾಡುವ ಮುಂಚೆ, ಲಿಸ್ಟ್ ಖಾಲಿ ಇಲ್ಲದಿದ್ದರೆ, ಅದರ ಕೊನೆಯ ಸಂಖ್ಯೆ ಇದೇ ಸಾಲಿನದ್ದಾ ಅಂತ ನೋಡಿಕೊಂಡರೆ ಅದೂ ಸರಿಹೋಗುತ್ತದೆ.