ಆನ್‌ಲೈನ್ ಕೋರ್ಸ್ ಮಾಡ್ತೀರಾ? ಕ್ಯಾಮೆರಾ ಆಮೇಲೆ, ಮೊದಲು ಪ್ರಶ್ನೆ ಬರೆಯಿರಿ

ದಾವಣಗೆರೆಯಲ್ಲಿ ಟ್ಯಾಲಿ, ಹೊಲಿಗೆ, ಸ್ಪೋಕನ್ ಇಂಗ್ಲಿಷ್ ಚೆನ್ನಾಗಿ ಹೇಳಿಕೊಡುವವರಿಗೆ ಕೊರತೆಯಿಲ್ಲ. ಆದರೆ ಅವರಲ್ಲಿ ಎಷ್ಟೋ ಜನ ಒಂದು ಗಂಟೆಯ ಕ್ಲಾಸನ್ನು ಹಾಗೇ ರೆಕಾರ್ಡ್ ಮಾಡಿ, ಅದನ್ನೇ ಕೋರ್ಸ್ ಅಂತ ಮಾರುತ್ತಾರೆ. ದುಡ್ಡು ಕೊಟ್ಟವರು ಅರ್ಧಕ್ಕೇ ಬಿಡುತ್ತಾರೆ.

ಮೊದಲು ವಿಷಯವನ್ನು ಚಿಕ್ಕದು ಮಾಡಿ. ‘ಸಂಪೂರ್ಣ ಜಿಎಸ್‌ಟಿ’ ಬೇಡ. ‘ಬಟ್ಟೆ ಅಂಗಡಿಯವರಿಗೆ ಜಿಎಸ್‌ಟಿ ಬಿಲ್’ ಸಾಕು.

ಎರಡನೆಯದು ಪ್ರಶ್ನೆ ಬರೆಯುವುದು. ಎಲ್ಲರೂ ಎಡವುವುದು ಇಲ್ಲೇ. ಪಾಠ ಪೂರ್ತಿ ಮುಗಿಸಿ, ಕೊನೆಯಲ್ಲಿ ‘ಜಿಎಸ್‌ಟಿ ಎಂದರೇನು?’ ಅಂತ ಒಂದು ಪ್ರಶ್ನೆ ಅಂಟಿಸುತ್ತಾರೆ. ಇದಕ್ಕೆ ಬಾಯಿಪಾಠ ಮಾಡಿದವರೂ ಉತ್ತರ ಕೊಡುತ್ತಾರೆ, ಬಿಲ್ ಹಾಕಲು ಮಾತ್ರ ಬರುವುದಿಲ್ಲ. ಕಲಿತವರು ಅಂಗಡಿಯಲ್ಲಿ ಕೂತು ಮಾಡಬೇಕಾದ ಕೆಲಸವನ್ನೇ ಕೇಳಿ: ‘ದಾವಣಗೆರೆಯ ಅಂಗಡಿಯಿಂದ ಚಿತ್ರದುರ್ಗದ ಅಂಗಡಿಗೆ 10,000 ರೂಪಾಯಿ ಬಟ್ಟೆ ಹೋಯಿತು. ತೆರಿಗೆ ಶೇ 5. ಬಿಲ್‌ನಲ್ಲಿ ಏನು ಬರೆಯುತ್ತೀರಿ?’

ಸರಿ ಉತ್ತರ ಸಿಜಿಎಸ್‌ಟಿ (ಕೇಂದ್ರದ ಪಾಲು) 250, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 250. ತಪ್ಪು ಆಯ್ಕೆಗಳನ್ನು ಸುಮ್ನೆ ತುಂಬಬೇಡಿ. ಕಲಿಯುವವರು ನಿಜವಾಗಿ ಮಾಡುವ ತಪ್ಪುಗಳನ್ನೇ ಇಡಿ. ಐಜಿಎಸ್‌ಟಿ ಅಂದರೆ ಬೇರೆ ರಾಜ್ಯಕ್ಕೆ ಹೋಗುವ ಮಾಲಿನ ತೆರಿಗೆ; ‘ಐಜಿಎಸ್‌ಟಿ 500’ ಒತ್ತಿದವರು ಜಿಲ್ಲೆ ಬದಲಾದರೂ ತೆರಿಗೆ ಹಾಗೇ ಬದಲಾಗುತ್ತದೆ ಅಂದುಕೊಂಡಿದ್ದಾರೆ. ‘ಎಸ್‌ಜಿಎಸ್‌ಟಿ 500’ ಒತ್ತಿದವರು ಕೇಂದ್ರದ ಪಾಲನ್ನು ಮರೆತಿದ್ದಾರೆ. ‘ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡೂ 500’ ಅಂದವರು ಶೇ 5ನ್ನು ಎರಡು ಸಲ ಹಾಕಿದ್ದಾರೆ. ಪ್ರತಿ ಆಯ್ಕೆಯ ಕೆಳಗೆ ಅದು ಯಾಕೆ ತಪ್ಪು ಅಂತ ಎರಡು ಸಾಲು ಬರೆಯಿರಿ. ಬರೀ ‘ತಪ್ಪು, ಮತ್ತೆ ಪ್ರಯತ್ನಿಸಿ’ ಅಂದರೆ ಯಾರೂ ಏನೂ ಕಲಿಯುವುದಿಲ್ಲ. ಮುಂದಿನ ಪ್ರಶ್ನೆಯಲ್ಲಿ ಅದೇ ಬಟ್ಟೆಯನ್ನು ಹೈದರಾಬಾದಿಗೆ ಕಳಿಸಿ. ಆಗ ಐಜಿಎಸ್‌ಟಿ 500 ಸರಿ. ವ್ಯತ್ಯಾಸ ಆಗ ತಲೆಗೆ ಹೋಗುತ್ತದೆ.

ಪ್ರಶ್ನೆಗಳು ಸಿದ್ಧವಾದರೆ ಪಾಠ ತಾನಾಗಿ ತುಂಡಾಗುತ್ತದೆ. ಒಂದೊಂದು ಪ್ರಶ್ನೆಗೆ ಉತ್ತರಿಸಲು ಬೇಕಾದಷ್ಟು ಮಾತ್ರ ಒಂದು ವಿಡಿಯೊ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸ್‌ಗಳ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನದಲ್ಲಿ, ಆರು ನಿಮಿಷದೊಳಗಿನ ವಿಡಿಯೊಗಳನ್ನೇ ಜನ ಹೆಚ್ಚು ಗಮನ ಕೊಟ್ಟು ನೋಡಿದ್ದು ಕಂಡುಬಂತು. ನನ್ನ ಪ್ರಕಾರ ಎಂಟು ನಿಮಿಷ ದಾಟಲೇಬಾರದು.

ರೆಕಾರ್ಡಿಂಗ್‌ಗೆ ದುಬಾರಿ ಕ್ಯಾಮೆರಾ ಬೇಡ, ಫೋನ್ ಸಾಕು. ದುಡ್ಡು ಹಾಕುವುದಿದ್ದರೆ ಕಾಲರ್ ಮೈಕ್‌ಗೆ ಹಾಕಿ. ಚಿತ್ರ ಸ್ವಲ್ಪ ಮಸುಕಾದರೂ ಸಹಿಸಬಹುದು, ಮಾತು ಕೇಳದಿದ್ದರೆ ಯಾರೂ ಕೂರುವುದಿಲ್ಲ. ಫ್ಯಾನ್ ಆಫ್ ಮಾಡಿ. ಖಾಲಿ ಕೋಣೆಯಲ್ಲಿ ದನಿ ಗುಂಯ್‌ಗುಡುತ್ತದೆ, ಹಾಸಿಗೆ, ಪರದೆ ಇರುವ ಕೋಣೆಯೇ ಒಳ್ಳೆಯದು. ಪಾಠದ ಹಿಂದೆ ಸಂಗೀತ ಮಾತ್ರ ಖಂಡಿತ ಬೇಡ.

ಸ್ಲೈಡ್ ಮತ್ತು ನೋಟ್ಸ್‌ಗೆ ಹಳೆಯ ನುಡಿ, ಬರಹ ಫಾಂಟ್‌ನ ಫೈಲ್‌ಗಳನ್ನು ನೇರವಾಗಿ ತಂದು ಅಂಟಿಸಬೇಡಿ. ಕಲಿಯುವವರ ಫೋನ್‌ನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಯೂನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರಗಳು ಸರಿಯಾಗಿ ಕೂತಿವೆಯಾ ಅಂತ ಫೋನ್‌ನಲ್ಲೇ ತೆರೆದು ನೋಡಿ. ತಾನಾಗಿ ಬರುವ ಕನ್ನಡ ಸಬ್‌ಟೈಟಲ್‌ಗಳನ್ನೂ ತಿದ್ದದೆ ಹಾಕಬೇಡಿ.

ಬದಲಾಗುವ ಸಂಗತಿಗಳನ್ನು ವಿಡಿಯೊದಲ್ಲಿ ಬಾಯಿಬಿಟ್ಟು ಹೇಳಲೂಬೇಡಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಶೇ 12ರ ಹಂತವೇ ಹೋಯಿತು. ಹಳೆಯ ದರ ಹೇಳಿದ ಪಾಠಗಳೆಲ್ಲ ಒಂದೇ ದಿನಕ್ಕೆ ತಪ್ಪಾದವು. ದರಪಟ್ಟಿಯನ್ನು ವಿಡಿಯೊದ ಕೆಳಗೆ ಬರಹದಲ್ಲಿಡಿ, ಬೇಕಾದಾಗ ತಿದ್ದಬಹುದು.

ಮಾರಾಟಕ್ಕೆ ಇಡುವ ಮೊದಲು ವಿಷಯ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ಅವರದೇ ಫೋನ್‌ನಲ್ಲಿ ಕೋರ್ಸ್ ನೋಡಲು ಹೇಳಿ. ಪಕ್ಕದಲ್ಲಿ ಕೂತು ನೋಡಿ, ಆದರೆ ಸಹಾಯ ಮಾಡಬೇಡಿ. ಅವರು ಎಲ್ಲಿ ವಿಡಿಯೊ ಹಿಂದಕ್ಕೆ ಎಳೆದರು, ಯಾವ ಪ್ರಶ್ನೆಗೆ ಸಿಕ್ಕಿಬಿದ್ದರು ಅಂತ ಬರೆದುಕೊಳ್ಳಿ. ಆ ತುಂಡುಗಳನ್ನಷ್ಟೇ ಮತ್ತೆ ರೆಕಾರ್ಡ್ ಮಾಡಿದರೆ ಆಯಿತು.