ಹೀಟರ್‌ನಲ್ಲಿ ತಣ್ಣನೆ ಗಾಳಿ: ಡ್ಯಾಶ್‌ಬೋರ್ಡ್ ಬಿಚ್ಚುವ ಮೊದಲು ನೋಡಿದ್ದು

ಡಿಸೆಂಬರ್ ಬೆಳಗ್ಗೆ ಮಡಿಕೇರಿಯಲ್ಲಿ ಮುಂದಿನ ಗಾಜಿನ ಮಂಜು ಬಿಡಿಸಲು ಹೀಟರ್ ಬೇಕೇ ಬೇಕು. ಈ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ನಲ್ಲಿ ನಾಬ್ ಪೂರ್ತಿ ಕೆಂಪಿಗೆ ತಿರುಗಿಸಿದರೂ ಬರುತ್ತಿದ್ದುದು ತಣ್ಣನೆ ಗಾಳಿ. ಬ್ಲೋವರ್ ಜೋರಾಗಿ ಬೀಸುತ್ತಿದ್ದುದರಿಂದ ಫ್ಯೂಸ್, ಮೋಟಾರ್ ಕಡೆ ತಲೆ ಹಾಕಲಿಲ್ಲ.

ಇಂಥ ಕಾರುಗಳ ಹೀಟರ್‌ಗೆ ಬೇರೆ ಕಾಯಿಲ್ ಇಲ್ಲ. ಎಂಜಿನ್‌ನ ಬಿಸಿ ಕೂಲೆಂಟೇ ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರ್‌ಗೆ, ಅಂದರೆ ಹೀಟರ್ ಕೋರ್‌ಗೆ, ಹೋಗಿ ಬರುತ್ತದೆ. ಹಾಗಾಗಿ ಮೊದಲ ಕೆಲಸ ಕೂಲೆಂಟ್ ಮಟ್ಟ ನೋಡುವುದು. ಎಂಜಿನ್ ಪೂರ್ತಿ ತಣ್ಣಗಿದ್ದಾಗಲೇ ರೇಡಿಯೇಟರ್ ಮುಚ್ಚಳ ತೆಗೆಯಬೇಕು. ಬಿಸಿಯಲ್ಲಿ ತೆಗೆದರೆ ಮುಖಕ್ಕೇ ಚಿಮ್ಮುತ್ತದೆ. ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೂಲೆಂಟ್ ಇದೆ ಎಂದು ಸುಮ್ಮನಾಗಬೇಡಿ, ರೇಡಿಯೇಟರ್ ಕುತ್ತಿಗೆವರೆಗೆ ತುಂಬಿರಬೇಕು. ಇದರಲ್ಲಿ ಮಟ್ಟ ಸರಿಯಿತ್ತು.

ಆಮೇಲೆ 15 ನಿಮಿಷ ಎಂಜಿನ್ ಓಡಿಸಿ, ಫೈರ್‌ವಾಲ್‌ನೊಳಗೆ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ) ಹೋಗುವ ಎರಡು ಹೀಟರ್ ಹೋಸ್‌ಗಳನ್ನು ಬಟ್ಟೆ ಹಿಡಿದು ಮುಟ್ಟಿದೆ. ಎರಡೂ ಸುಡುತ್ತಿದ್ದರೆ ತಪ್ಪು ಗಾಳಿಯನ್ನು ಕೋರ್ ಕಡೆ ತಿರುಗಿಸುವ ಒಳಗಿನ ಫ್ಲ್ಯಾಪ್‌ನಲ್ಲೋ ಅದರ ಕೇಬಲ್‌ನಲ್ಲೋ. ಒಂದು ಸುಟ್ಟು ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿದೆ, ಇಲ್ಲವೇ ಹೀಟರ್ ವಾಲ್ವ್ ತೆರೆದಿಲ್ಲ. ಇಲ್ಲಿ ಎರಡೂ ಬರೀ ಉಗುರುಬೆಚ್ಚಗೆ. ಟೆಂಪರೇಚರ್ ಮುಳ್ಳು ಕಾಲುಭಾಗವೂ ಏರಿರಲಿಲ್ಲ. ಎಂಜಿನ್ನೇ ಕಾಯುತ್ತಿಲ್ಲ.

ಎಂಜಿನ್ ಕಾಯುವವರೆಗೆ ಕೂಲೆಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ವಾಲ್ವೇ ಥರ್ಮೋಸ್ಟಾಟ್. ಅದರ ಹೌಸಿಂಗ್‌ನ ಎರಡು ಬೋಲ್ಟ್ ಬಿಚ್ಚಿದರೆ ಒಳಗೆ ಥರ್ಮೋಸ್ಟಾಟೇ ಇಲ್ಲ! ಹಿಂದೆ ಯಾರೋ ಓವರ್‌ಹೀಟ್ ಆಗುತ್ತದೆಂದು ಕಿತ್ತು ಎಸೆದಿದ್ದಾರೆ. ನಮ್ಮಲ್ಲಿ ಇದು ಬಲು ಜನಪ್ರಿಯ ರಿಪೇರಿ. ವಾಲ್ವ್ ಇಲ್ಲದಿದ್ದರೆ ಕೂಲೆಂಟ್ ಮೊದಲ ಕ್ಷಣದಿಂದಲೇ ರೇಡಿಯೇಟರ್ ಸುತ್ತುತ್ತದೆ, ಎಂಜಿನ್ ತಣ್ಣಗಿದೆ ಎಂದು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ಮೈಲೇಜ್ ಬೀಳುತ್ತದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಗೊತ್ತಾಗದ್ದು ಘಾಟಿಯ ಚಳಿಯಲ್ಲಿ ಗೊತ್ತಾಗುತ್ತದೆ.

ಹೊಸ ಥರ್ಮೋಸ್ಟಾಟ್ ಮೇಲೆ 82 ಎಂದು ಅಚ್ಚಿತ್ತು, ಅಂದರೆ ಅದು ತೆರೆಯಲು ಶುರುಮಾಡುವ ಡಿಗ್ರಿ ಸೆಲ್ಸಿಯಸ್. ಹಾಕುವ ಮೊದಲು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ಪಾತ್ರೆಯ ನೀರಿಗೆ ಇಳಿಬಿಟ್ಟು ಕಾಯಿಸಿದೆ. ಥರ್ಮಾಮೀಟರ್ 83 ತೋರಿಸಿದಾಗ ವಾಲ್ವ್ ಅಂಚಿನಲ್ಲಿ ಕೂದಲೆಳೆಯ ಸಂದು ಕಾಣಿಸಿತು. ಕುದಿಯುವಾಗ ಸುಮಾರು 8 ಮಿಲಿಮೀಟರ್ ತೆರೆದಿತ್ತು. ಮಡಿಕೇರಿ ಎತ್ತರದಲ್ಲಿ ನೀರು 96 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ, ನೂರರವರೆಗೆ ಕಾಯಬೇಡಿ. ಹಳೆ ಗ್ಯಾಸ್ಕೆಟ್ ಕೆರೆದು, ಪುಟ್ಟ ಗಾಳಿ ಪಿನ್ ಮೇಲ್ಮುಖವಾಗಿಸಿ ಕೂರಿಸಿದೆ.

ಇಷ್ಟಾದರೂ ಬಿಸಿ ಅರೆಬರೆ. ಇಳಿಸಿದ ಕೂಲೆಂಟ್ ಕೆಂಪು ಮಣ್ಣಿನ ನೀರಿನ ಹಾಗಿತ್ತು: ವರ್ಷಗಟ್ಟಲೆ ಬೋರ್‌ವೆಲ್ ನೀರು ಹೊಯ್ದ ಗುರುತು. ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ಒಳಹೋಗುವ ಹೋಸ್ 84, ಹೊರಬರುವುದು 52: ಕೋರ್ ಅರ್ಧಂಬರ್ಧ ಕಟ್ಟಿದೆ. ಎಂಜಿನ್ ಆರಿದ ಮೇಲೆ ಎರಡೂ ಹೋಸ್ ಕಳಚಿ, ಹೊರಬರುವ ಬಾಯಿಯಿಂದ ತೋಟದ ಪೈಪ್‌ನಲ್ಲಿ ಮೆಲ್ಲಗೆ ನೀರು ಬಿಟ್ಟೆ. ನಲ್ಲಿ ಪೂರ್ತಿ ತಿರುಗಿಸಿದರೆ ಹಳೇ ಕೋರ್ ಸೀಳಬಹುದು. ನೀರು ತಿಳಿಯಾಗುವವರೆಗೆ ಅದಲುಬದಲು ಮಾಡಿದೆ.

ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು ಸಮಸಮ ಬೆರೆಸಿ ತುಂಬಿದ್ದಾಯಿತು. ಕಾರಿನ ಮೂತಿ ಏರಿಗಿಟ್ಟು, ಮುಚ್ಚಳ ತೆರೆದು, ಹೀಟರ್ ಕೆಂಪಿಗಿಟ್ಟು ಐಡಲಿಂಗ್‌ನಲ್ಲಿ ಬಿಟ್ಟರೆ ಗುಳುಗುಳು ಎಂದು ಗಾಳಿ ಹೊರಬಂತು. ಮಟ್ಟ ಇಳಿದಂತೆಲ್ಲ ತುಂಬಿಸಿ, ಗುಳ್ಳೆ ನಿಂತ ಮೇಲೆ ಮುಚ್ಚಿದೆ. ಈಗ ಹೋಸ್‌ಗಳಲ್ಲಿ 83 ಮತ್ತು 72. ಮುಂದಿನ ಸೀಟಿನ ಮ್ಯಾಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ, ಗಾಜಿನ ಒಳಗೆ ಎಣ್ಣೆಯಂಥ ಪೊರೆ ಕಟ್ಟಿದರೆ ಕೋರ್ ಸೋರುತ್ತಿದೆ. ಡ್ಯಾಶ್‌ಬೋರ್ಡ್ ಬಿಚ್ಚುವ ಮಾತು ಬರುವುದು ಆಗ.