ಹಳೇ ಪಿಸಿ ಕೊಳ್ಳುವ ಮುಂಚೆ ಪಕ್ಕದ ಮುಚ್ಚಳ ತೆಗೆಸಿ

ಸೆಕೆಂಡ್ ಹ್ಯಾಂಡ್ ಪಿಸಿಗೆ ಅಂತ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರು ಮೊದಲು ಕೇಳುವುದೇ "ಐ7 ಇದೆಯಾ?" ಅಂತ, ಅಂದರೆ ಇಂಟೆಲ್‌ನ ಮೇಲ್ದರ್ಜೆಯ ಪ್ರೊಸೆಸರ್. ಅಂಗಡಿಯವರಿಗೆ ಅಷ್ಟು ಸಾಕು. 2013ರ ಕಾಲದ ಐ7 ಒಂದು ಟೇಬಲ್ ಮೇಲೆ ಬರುತ್ತದೆ. ಆಮೇಲೆ ಒಂದೊಂದಾಗಿ ಅಪ್‌ಗ್ರೇಡ್ ಮಾಡಿಸೋಣ ಅಂತ ಹೊರಟಾಗ ತಲೆನೋವು ಶುರು.

1. ಸ್ಟಿಕ್ಕರ್ ಬಿಡಿ, ನಂಬರ್ ನೋಡಿ. ಐ7-4770 ಅಂದರೆ ನಾಲ್ಕನೇ ಜನರೇಷನ್, 4 ಕೋರ್ (ಚಿಪ್ಪಿನೊಳಗೆ ಒಟ್ಟಿಗೆ ಕೆಲಸ ಮಾಡುವ ಭಾಗಗಳು). ಐ5-8500 ಎಂಟನೆಯದು, 6 ಕೋರ್. ನನ್ನ ಓಟು ಐ5ಗೇ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜನರೇಷನ್ನಿನಿಂದ ಈಚಿನದು ಬೇಕು. ಹಳೆಯದರಲ್ಲೂ ಅಡ್ಡದಾರಿಯಲ್ಲಿ ಹಾಕಿಕೊಡುತ್ತಾರೆ, ಆದರೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಲಿನಕ್ಸ್ ಬಳಸುವವರಿಗೆ ಈ ಚಿಂತೆ ಬೇಡ.

"ಏಳನೆಯದು ತಗೊಳ್ಳಿ, ಆಮೇಲೆ ಪ್ರೊಸೆಸರ್ ಬದಲಾಯಿಸಬಹುದು" ಅಂದರೆ ನಂಬಬೇಡಿ. ಡೆಲ್ ಕಂಪನಿಯ ಆಫೀಸ್ ಪಿಸಿಗಳಾದ ಆಪ್ಟಿಪ್ಲೆಕ್ಸ್ 7050 (ಏಳನೆಯದು), 7060 (ಎಂಟನೆಯದು) ಎರಡರಲ್ಲೂ ಪ್ರೊಸೆಸರ್ ಕೂರುವ ಸಾಕೆಟ್ಟಿನ ಹೆಸರು 1151 ಅಂತಲೇ ಇದೆ. ಆದರೂ 7050ರಲ್ಲಿ ಎಂಟನೇ ಜನರೇಷನ್ ಚಿಪ್ ಓಡುವುದಿಲ್ಲ.

2. ಡಬ್ಬಿಯ ಸೈಜು. ಎಡವುವವರೆಲ್ಲ ಎಡವುವುದು ಇಲ್ಲೇ. ಒಂದೇ 7060 ಮಾಡೆಲ್ ಟವರ್, ಎಸ್‌ಎಫ್‌ಎಫ್ (ಸ್ಮಾಲ್ ಫಾರ್ಮ್ ಫ್ಯಾಕ್ಟರ್, ಟವರಿಗಿಂತ ಚಿಕ್ಕದು), ಮೈಕ್ರೋ ಅಂತ ಮೂರು ಸೈಜಿನಲ್ಲಿ ಸಿಗುತ್ತದೆ. ಮೈಕ್ರೋ ನೋಡಲು ಮುದ್ದಾಗಿದೆ, ಆದರೆ ಗ್ರಾಫಿಕ್ಸ್ ಕಾರ್ಡಿಗೆ ಜಾಗವೇ ಇಲ್ಲ, ರ‍್ಯಾಮ್ ಕೂಡ ಲ್ಯಾಪ್‌ಟಾಪಿನದು. ಎಸ್‌ಎಫ್‌ಎಫ್‌ನಲ್ಲಿ ಸ್ಲಾಟ್ ಇದೆ, ಆದರೆ ಅರ್ಧ ಎತ್ತರದ ಲೋ ಪ್ರೊಫೈಲ್ ಕಾರ್ಡ್ ಮಾತ್ರ ಕೂರುತ್ತದೆ. ಪವರ್ ಸಪ್ಲೈ ಬರೀ 200 ವ್ಯಾಟ್.

ಹಾಗಾಗಿ ಮುಚ್ಚಳ ತೆಗೆಸಿ. ಪವರ್ ಸಪ್ಲೈ ಮೇಲಿನ ಚೀಟಿಯಲ್ಲಿ ವ್ಯಾಟ್ ಎಷ್ಟು ಅಂತ ಓದಿ. ಅದರಿಂದ ಹೊರಡುವ ವೈರುಗಳನ್ನು ಕೈಯಲ್ಲಿ ಹಿಡಿದು ನೋಡಿ: ಗ್ರಾಫಿಕ್ಸ್ ಕಾರ್ಡಿನ 6 ಪಿನ್ ವೈರ್ ಇಲ್ಲದಿದ್ದರೆ, ಟವರ್ ಆದರೂ ಸ್ಲಾಟಿನಿಂದಲೇ ಕರೆಂಟ್ ಎಳೆಯುವ ಕಾರ್ಡಿಗೆ ತೃಪ್ತಿಪಡಬೇಕು. ಮದರ್‌ಬೋರ್ಡಿಗೆ ಹೋಗುವ ಕನೆಕ್ಟರನ್ನೂ ನೋಡಿ. ಎಲ್ಲ ಕಡೆ ಸಿಗುವ ಸಪ್ಲೈಗೆ ಅಲ್ಲಿ 24 ಪಿನ್ ಇರುತ್ತದೆ. ಆಪ್ಟಿಪ್ಲೆಕ್ಸ್ 9020ಯಲ್ಲಿ 8 ಪಿನ್ನಿನದು. ಕನ್ವರ್ಟರ್ ವೈರ್ ಸಿಗುತ್ತದೆ ನಿಜ, ಆದರೆ ಎಸ್‌ಎಫ್‌ಎಫ್ ಡಬ್ಬಿಯೊಳಗೆ ದೊಡ್ಡ ಸಪ್ಲೈ ತೂರಿಸುವುದೆಲ್ಲಿ? ಮುಂದೆ ಏನಾದರೂ ಸೇರಿಸುವ ಆಸೆ ಇದ್ದರೆ ಸುಮ್ನೆ ಟವರ್ ತಗೊಳ್ಳಿ.

ಲೋ ಪ್ರೊಫೈಲ್ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಜಿಟಿ 1030 ಜಾಸ್ತಿ ಓಡುವ ಮಾಲು. ಅದರಲ್ಲಿ ಕಾರ್ಡಿನ ಮೆಮೊರಿಯ ಪ್ರಕಾರ ಎರಡು ಜಾತಿ ಇದೆ. ಡಬ್ಬದ ಮೇಲೆ ಡಿಡಿಆರ್4 ಅಂತಿದ್ದರೆ ಮುಟ್ಟಬೇಡಿ, ಆಟಗಳಲ್ಲಿ ತೆವಳುತ್ತದೆ. ಜಿಡಿಡಿಆರ್5 ಇರುವುದನ್ನೇ ಕೇಳಿ.

3. ರ‍್ಯಾಮ್ ಸ್ಲಾಟ್ ಎಣಿಸಿ. 7060 ಟವರಿನಲ್ಲಿ ನಾಲ್ಕು, ಅದರ ಅಗ್ಗದ ತಮ್ಮ 3060ಯಲ್ಲಿ ಎರಡೇ.

4. ಎಂ.2 ಸ್ಲಾಟ್ (ಮದರ್‌ಬೋರ್ಡಿನ ಮೇಲೇ ಎಸ್‌ಎಸ್‌ಡಿ ಕೂರಿಸುವ ಜಾಗ) ಇದ್ದರೆ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿಸಿ. ಹೆಸರಿಲ್ಲದ ಅಗ್ಗದ ಎಸ್‌ಎಸ್‌ಡಿ ಜೊತೆಗೆ ಕೊಟ್ಟರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

5. ದುಡ್ಡು ಕೊಡುವ ಮುಂಚೆ ಪಿಸಿ ಆನ್ ಮಾಡಿಸಿ, ಡೆಲ್ ಆದರೆ ಎಫ್2 ಒತ್ತಿ ಬಯಾಸ್ (ವಿಂಡೋಸ್ ಶುರುವಾಗುವ ಮುಂಚಿನ ಸೆಟಿಂಗ್ಸ್) ಒಳಗೆ ಹೋಗಿ. ಇವೆಲ್ಲ ಕಂಪನಿಗಳಿಂದ ಲಾಟಿನಲ್ಲಿ ಬಂದ ಪೀಸುಗಳು, ಹಳೇ ಪಾಸ್‌ವರ್ಡ್ ಹಾಗೇ ಉಳಿದಿರಬಹುದು. ಪಾಸ್‌ವರ್ಡ್ ಕೇಳಿತಾ? "ಆಮೇಲೆ ತೆಗೆದುಕೊಡ್ತೀನಿ ಸಾರ್" ಅಂದರೂ ಅದನ್ನು ಬಿಟ್ಟು ಬೇರೆ ಪೀಸ್ ತೆಗೆಸಿ.